ದುರ್ಗದ ಕೆಳಗಿನ ಬಿರುಕು ಜೀವಂತ ಇದೆಯಾ? ಹೊಸ ಭೂಕಂಪ ನಕ್ಷೆ ಮತ್ತು ಹಳೆಯ ಭೂಕಂಪಗಳ ಲೆಕ್ಕ

2025ರ ನವೆಂಬರ್ ಕೊನೆಗೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ದೇಶದ ಹೊಸ ಭೂಕಂಪ ನಕ್ಷೆಯನ್ನು ಹೊರಗೆ ತಂದಿತು. ಕಾಶ್ಮೀರದಿಂದ ಅರುಣಾಚಲದವರೆಗೆ ಇಡೀ ಹಿಮಾಲಯ ಅದರಲ್ಲಿ ಆರನೇ ವಲಯ ಎಂಬ, ಅತಿ ಹೆಚ್ಚು ಅಪಾಯದ ಹೊಸ ಗುಂಪಿಗೆ ಸೇರಿತು. ದೇಶದ ನೆಲದಲ್ಲಿ ಶೇಕಡಾ 61ರಷ್ಟು ಭಾಗ ಮಧ್ಯಮದಿಂದ ಹೆಚ್ಚಿನ ಅಪಾಯದಲ್ಲಿದೆ ಎಂಬ ಅಂಕಿ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಅಲ್ಲಿಂದ ಶುರುವಾದ ಗೊಂದಲ ನಮ್ಮ ಕಡೆ ಇನ್ನೂ ಇಳಿದಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ದಾವಣಗೆರೆ, ಚಿತ್ರದುರ್ಗದಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು: ದುರ್ಗದ ಕೆಳಗೇ ದೊಡ್ಡ ಬಿರುಕು ಇದೆ, ನಕ್ಷೆಯಲ್ಲೂ ಗೆರೆ ಎಳೆದಿದ್ದಾರೆ, ಇವತ್ತಲ್ಲ ನಾಳೆ ಅದು ಬಾಯಿ ಬಿಡುತ್ತದೆ. ಇನ್ನೊಂದು: ನಮ್ಮದು ಗಟ್ಟಿ ಬಂಡೆಯ ನೆಲ, ಕೋಟಿಗಟ್ಟಲೆ ವರ್ಷದಿಂದ ಅಲುಗಾಡಿಲ್ಲ, ಏನೂ ಆಗಲ್ಲ.

ಎರಡರಲ್ಲೂ ಅರ್ಧ ನಿಜ ಇದೆ. ಉಳಿದರ್ಧ ತಿಳಿಯಬೇಕು ಅಂದರೆ ವಿಜ್ಞಾನಿಗಳು ಹಳೆಯ ಭೂಕಂಪಗಳನ್ನು ಹೇಗೆ ಪತ್ತೆ ಮಾಡುತ್ತಾರೆ ಎಂಬುದು ಗೊತ್ತಿರಬೇಕು. ಯಂತ್ರ ಇಲ್ಲದ ಕಾಲದ, ಬರೆದಿಡುವವರೇ ಇಲ್ಲದ ಕಾಲದ ಭೂಕಂಪಗಳನ್ನು ಅವರು ಮಣ್ಣಿನಲ್ಲಿ ಓದುತ್ತಾರೆ. ಹಿಮಾಲಯದ ವಲಯ ಬದಲಾಗುವುದರಲ್ಲಿ ಆ ಓದಿನ ಪಾಲು ದೊಡ್ಡದು. ನಮ್ಮ ಕಡೆ ಅಂಥ ಓದು ಎಷ್ಟು ಕಷ್ಟ, ಅದಿಲ್ಲದೆ ನಾವು ಏನು ಕಳೆದುಕೊಳ್ಳುತ್ತಿದ್ದೇವೆ ಎಂಬುದೇ ಈ ಬರಹದ ವಿಷಯ.

ಭೂಮಿ ನಡುಗದೆ ನಕ್ಷೆ ಯಾಕೆ ಬದಲಾಯಿತು?

ಬಹಳ ಜನರ ಪ್ರಶ್ನೆ ಇದು. ಹಿಮಾಲಯದಲ್ಲಿ ಈಚೆಗೆ ಅಂಥ ದೊಡ್ಡದೇನೂ ಆಗಿಲ್ಲ, ಮತ್ತೆ ಅಪಾಯ ಜಾಸ್ತಿ ಆಯಿತು ಅನ್ನುವುದು ಹೇಗೆ?

ಅಪಾಯ ಜಾಸ್ತಿ ಆಗಿಲ್ಲ. ಅದರ ಬಗ್ಗೆ ನಮಗಿರುವ ತಿಳಿವಳಿಕೆ ಜಾಸ್ತಿ ಆಗಿದೆ. ಹಿಂದಿನ ನಕ್ಷೆಗಳು ಬಹುಮಟ್ಟಿಗೆ ಗೊತ್ತಿರುವ ಭೂಕಂಪಗಳನ್ನು ನೋಡಿ ಮಾಡಿದವು. ಒಂದು ಕಡೆ ದೊಡ್ಡದು ಆಯಿತು, ಅಲ್ಲಿಗೆ ಹೆಚ್ಚಿನ ವಲಯ. ಇನ್ನೊಂದು ಕಡೆ ಆಗಿಲ್ಲ, ಅಲ್ಲಿಗೆ ಕಡಿಮೆ. ಈ ಲೆಕ್ಕದಲ್ಲಿ ಒಂದು ದೊಡ್ಡ ತೊಂದರೆ ಇದೆ. ಯಂತ್ರಗಳಲ್ಲಿ ದಾಖಲಾದ ಭೂಕಂಪಗಳ ಇತಿಹಾಸ ಸುಮಾರು 120 ವರ್ಷದ್ದು ಮಾತ್ರ. ಕಡತ, ಶಾಸನ, ಪ್ರವಾಸಿಗರ ಬರಹ ಎಲ್ಲ ಸೇರಿಸಿದರೂ ನಮ್ಮ ದೇಶದಲ್ಲಿ ನಂಬಬಹುದಾದ ಮಾಹಿತಿ ಕೆಲವೇ ಶತಮಾನಗಳದ್ದು. ಒಂದು ಸ್ತರಭಂಗದಲ್ಲಿ, ಅಂದರೆ ಬಂಡೆಗಳು ಜಾರುವ ಬಿರುಕಿನಲ್ಲಿ, ದೊಡ್ಡ ಭೂಕಂಪ 600 ವರ್ಷಕ್ಕೊಮ್ಮೆ ಆಗುವುದಾದರೆ ಈ ಅವಧಿಯಲ್ಲಿ ಅದು ಕಾಣದೇ ಹೋಗಬಹುದು. ಆಗ ಅತಿ ಹೆಚ್ಚು ಒತ್ತಡ ತುಂಬಿಕೊಂಡ ಜಾಗವೇ ನಕ್ಷೆಯಲ್ಲಿ ಅತಿ ಸುರಕ್ಷಿತವಾಗಿ ಕಾಣುತ್ತದೆ. ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ.

ಇಂಥ ತಪ್ಪು ನಮ್ಮಲ್ಲಿ ಆಗಿಯೂ ಇದೆ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲಾರಿ 1993ರಲ್ಲಿ ನೆಲಸಮ ಆದಾಗ ಅದು ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗದಲ್ಲಿ. ಆಮೇಲೆ 2002ರಲ್ಲಿ ಒಂದನೇ ವಲಯವನ್ನೇ ತೆಗೆದು ಹಾಕಿದರು. ಅದಕ್ಕೇ ನಮ್ಮ ವಲಯಗಳು ಎರಡರಿಂದ ಶುರು.

ಹೊಸ ನಕ್ಷೆಯ ಕ್ರಮ ಬೇರೆ. ಎಲ್ಲೆಲ್ಲಿ ಜೀವಂತ ಸ್ತರಭಂಗಗಳಿವೆ, ಅವು ಎಷ್ಟು ವೇಗದಲ್ಲಿ ಸರಿಯುತ್ತಿವೆ, ಒಂದೊಂದರಲ್ಲಿ ಎಷ್ಟು ದೊಡ್ಡ ಭೂಕಂಪ ಸಾಧ್ಯ, ಅದು ಎಷ್ಟು ಸಲ ಆಗಬಹುದು ಎಂದು ಸಂಭವನೀಯತೆಯ ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆ ಬೇಕಾದ ಹಳೆಯ ಅಂಕಿಗಳನ್ನು ಕೊಡುವುದೇ ಪ್ಯಾಲಿಯೋಸೀಸ್ಮಾಲಜಿ, ಅಂದರೆ ಪ್ರಾಚೀನ ಭೂಕಂಪಗಳ ಅಧ್ಯಯನ.

ಗುಂಡಿ ತೋಡಿ ಓದುವ ಕೆಲಸ

ಮೊದಲು ಭೂಕಂಪ ಆಗುವುದು ಹೇಗೆ ಅಂತ ಒಂದು ಮಾತು. ಭೂಮಿಯ ಚಿಪ್ಪಿನಲ್ಲಿ ಬಿರುಕುಗಳಿವೆ. ಬಿರುಕಿನ ಎರಡೂ ಬದಿಯ ಬಂಡೆಗಳ ಮೇಲೆ ಬೇರೆ ಬೇರೆ ದಿಕ್ಕಿನಿಂದ ಒತ್ತಡ ಇರುತ್ತದೆ, ಆದರೆ ಘರ್ಷಣೆಯಿಂದಾಗಿ ಅವು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬಿದಿರಿನ ಸೀಳನ್ನು ಬಗ್ಗಿಸುತ್ತಾ ಹೋದರೆ ಒಂದು ಹಂತದವರೆಗೆ ಬಾಗಿ ಆಮೇಲೆ ಥಟ್ಟನೆ ಮುರಿಯುತ್ತದಲ್ಲ, ಬಂಡೆಯೂ ಹಾಗೆಯೇ ವರ್ಷಾನುಗಟ್ಟಲೆ ಬಾಗಿ ಒಂದು ಗಳಿಗೆಯಲ್ಲಿ ಜಾರುತ್ತದೆ. ಆ ಜಾರುವಿಕೆಯೇ ಭೂಕಂಪ. ಅದು ದೊಡ್ಡದಾಗಿದ್ದು ಹೆಚ್ಚು ಆಳದಲ್ಲಿ ಇಲ್ಲದಿದ್ದರೆ ನೆಲದ ಮೇಲ್ಮೈಯೂ ಸೀಳುತ್ತದೆ. ಒಂದು ಬದಿ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ.

ಈ ಗಾಯ ಮಣ್ಣಿನಲ್ಲಿ ಉಳಿಯುತ್ತದೆ. ಹಾಗಾಗಿ ಬಿರುಕನ್ನು ಅಡ್ಡ ಕತ್ತರಿಸುವಂತೆ ವಿಜ್ಞಾನಿಗಳು ಉದ್ದ ಗುಂಡಿ ತೋಡುತ್ತಾರೆ. ಜೆಸಿಬಿ ತೋಡಿದ ಮೇಲೆ ಗೋಡೆಯನ್ನು ಕೈಯಾರೆ, ಕರಣೆ ಮತ್ತು ಬ್ರಷ್ ಹಿಡಿದು ನಯ ಮಾಡುತ್ತಾರೆ. ಆಮೇಲೆ ದಾರ ಕಟ್ಟಿ ಚೌಕ ಚೌಕ ಮಾಡಿ ಪ್ರತಿಯೊಂದು ಪದರವನ್ನೂ ಬರೆದುಕೊಳ್ಳುತ್ತಾರೆ. ಗೋಡೆಯಲ್ಲಿ ಕಾಣುವುದು ಇಷ್ಟು: ಕೆಳಗೆ ಜಲ್ಲಿ, ಅದರ ಮೇಲೆ ಮರಳು, ಮೇಲೆ ಕಪ್ಪು ಮಣ್ಣು, ಅದರ ಮೇಲೆ ಮತ್ತೆ ಹೂಳು. ಬಿರುಕು ಕೆಳಗಿನಿಂದ ಬಂದು ಜಲ್ಲಿಯನ್ನೂ ಮರಳನ್ನೂ ಕತ್ತರಿಸಿದೆ, ಆದರೆ ಕಪ್ಪು ಮಣ್ಣಿನ ಕೆಳಗೇ ನಿಂತುಬಿಟ್ಟಿದೆ ಅಂದುಕೊಳ್ಳಿ. ಅಂದರೆ ಮರಳು ಬಂದು ಕೂತ ಮೇಲೆ, ಕಪ್ಪು ಮಣ್ಣು ಕೂರುವ ಮುಂಚೆ ಭೂಕಂಪ ಆಗಿದೆ. ಮರಳಿನ ಪದರ ಒಂದು ಬದಿಯಲ್ಲಿ 2 ಮೀಟರ್ ಮೇಲಿದ್ದರೆ ಅಷ್ಟು ಜಾರಿದೆ ಎಂದರ್ಥ. ಜಾರಿದ್ದು ಎಷ್ಟು ಎಂದು ಗೊತ್ತಾದರೆ ಆ ಭೂಕಂಪದ ತೀವ್ರತೆಯನ್ನೂ ಅಂದಾಜು ಮಾಡಬಹುದು.

ಇನ್ನು ಕಾಲ. ಪದರದಲ್ಲಿ ಇದ್ದಿಲಿನ ಚೂರೋ ಒಣಗಿದ ಬೇರೋ ಸಿಕ್ಕರೆ ಕಾರ್ಬನ್-14 ವಿಧಾನದಲ್ಲಿ ವಯಸ್ಸು ಹೇಳಬಹುದು. ಸತ್ತ ಗಿಡದಲ್ಲಿರುವ ಈ ಕಾರ್ಬನ್ ಸುಮಾರು 5,730 ವರ್ಷಕ್ಕೆ ಅರ್ಧ ಆಗುತ್ತದೆ. ಇದ್ದಿಲೂ ಸಿಗದಿದ್ದರೆ ಮರಳಿನ ಕಣವನ್ನೇ ಕೇಳುತ್ತಾರೆ. ಬಿಸಿಲು ಬಿದ್ದಾಗ ಬೆಣಚು ಕಣದೊಳಗಿನ ಗಡಿಯಾರ ಸೊನ್ನೆಗೆ ಬರುತ್ತದೆ, ಮಣ್ಣಿನಲ್ಲಿ ಹೂತ ಮೇಲೆ ಸುತ್ತಲಿನ ವಿಕಿರಣದಿಂದ ಅದರಲ್ಲಿ ಶಕ್ತಿ ಜಮಾ ಆಗುತ್ತಾ ಹೋಗುತ್ತದೆ. ಪ್ರಯೋಗಾಲಯದಲ್ಲಿ ಆ ಶಕ್ತಿಯನ್ನು ಬೆಳಕಾಗಿ ಹೊರತೆಗೆದು ಅಳೆದರೆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ತಿಳಿಯುತ್ತದೆ. ಅದಕ್ಕಾಗಿಯೇ ಈ ಮಣ್ಣನ್ನು ಬೆಳಕು ತಾಗದ ಹಾಗೆ ಲೋಹದ ಕೊಳವೆಯನ್ನು ಗೋಡೆಗೆ ಹೊಡೆದು ತೆಗೆಯುತ್ತಾರೆ.

ಈ ವಿದ್ಯೆಗೆ ದೊಡ್ಡ ಹೆಸರು ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲಿರುವ ಪ್ಯಾಲೆಟ್ ಕ್ರೀಕ್ ಎಂಬ ಜಾಗದಲ್ಲಿ ಗುಂಡಿ ತೋಡಿ ಕೆರಿ ಸೀ ಎಂಬ ಭೂವಿಜ್ಞಾನಿ 1978ರಲ್ಲಿ ಒಂದರ ಹಿಂದೆ ಒಂದು ಹಳೆಯ ಭೂಕಂಪಗಳ ಸರಣಿಯನ್ನೇ ತೋರಿಸಿದರು. ದೊಡ್ಡ ಭೂಕಂಪ ಎಷ್ಟು ವರ್ಷಕ್ಕೊಮ್ಮೆ ಎಂಬ ಪ್ರಶ್ನೆಗೆ ಮಣ್ಣಿನಿಂದ ಉತ್ತರ ತೆಗೆಯಬಹುದು ಎಂದು ಜಗತ್ತಿಗೆ ಗೊತ್ತಾಯಿತು.

ಉತ್ತರ ಸಿಕ್ಕರೆ ಸಾಲದು, ಅದನ್ನು ಕೇಳಬೇಕು ಕೂಡ. ಜಪಾನಿನ ಸೆಂಡಾಯ್ ಬಯಲಿನಲ್ಲಿ ಕಡಲಿನಿಂದ ಕಿಲೋಮೀಟರ್‌ಗಟ್ಟಲೆ ಒಳಗೆ ಸಮುದ್ರದ ಮರಳಿನ ಪದರ ಸಿಕ್ಕಿತ್ತು. ಕ್ರಿ.ಶ. 869ರ ಭಾರೀ ಸುನಾಮಿ ತಂದು ಹಾಕಿದ ಮರಳು ಅದು. ಹಳೆಯ ವೃತ್ತಾಂತದಲ್ಲೂ ಆ ಸುನಾಮಿಯ ಮಾತಿದೆ. 2011ಕ್ಕೆ ಮುಂಚೆಯೇ ಈ ಸಂಶೋಧನೆ ಪ್ರಕಟ ಆಗಿತ್ತು. ಆದರೆ ಆ ಕರಾವಳಿಯ ಗೋಡೆಗಳು, ಫುಕುಶಿಮಾ ಅಣು ಸ್ಥಾವರವೂ ಸೇರಿ, ಅಷ್ಟು ಎತ್ತರದ ಅಲೆಗೆ ತಯಾರಾಗಿರಲಿಲ್ಲ. 2011ರ ಮಾರ್ಚ್ 11ರಂದು ಅಂಥದೇ ಅಲೆ ಮತ್ತೆ ಬಂತು.

ಹಿಮಾಲಯದ ಲೆಕ್ಕ

ಭಾರತದ ಫಲಕ, ಅಂದರೆ ನಮ್ಮ ದೇಶ ಕೂತಿರುವ ಭೂಚಿಪ್ಪಿನ ದೊಡ್ಡ ತುಂಡು, ಉತ್ತರಕ್ಕೆ ಸರಿಯುತ್ತಾ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡದಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ಬೆಟ್ಟಗಳ ಬುಡದಲ್ಲಿರುವ ದೊಡ್ಡ ಸ್ತರಭಂಗ ಬಹುಪಾಲು ಕಚ್ಚಿಕೊಂಡೇ ಇದೆ. ವರ್ಷಕ್ಕೆ 2 ಸೆಂಟಿಮೀಟರ್ ಅಂದರೆ 500 ವರ್ಷಕ್ಕೆ 10 ಮೀಟರ್. ಅಷ್ಟು ಒಂದೇ ಸಲಕ್ಕೆ ಜಾರಿದರೆ ಅದು 8ಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪ.

ಹಿಂದೆ ಹಾಗೆ ಆಗಿದೆಯಾ? ನೇಪಾಳದ ಇತಿಹಾಸದಲ್ಲಿ 1255ರಲ್ಲಿ ಕಠ್ಮಂಡು ಕಣಿವೆ ಹಾಳಾಗಿ ದೊರೆ ಅಭಯ ಮಲ್ಲನೇ ಸತ್ತ ದಾಖಲೆ ಇದೆ. 1934ರ ಬಿಹಾರ-ನೇಪಾಳ ಭೂಕಂಪ ಎಲ್ಲರಿಗೂ ಗೊತ್ತು. ಆದರೆ ಈ ಎರಡೂ ನೆಲದ ಮೇಲ್ಮೈಯನ್ನು ಸೀಳಲಿಲ್ಲ ಎಂದೇ ಬಹುಕಾಲ ನಂಬಿದ್ದರು. ನೇಪಾಳದ ತಪ್ಪಲಿನಲ್ಲಿ ನದಿಯ ದಡ ಕೆರೆದು, ಗುಂಡಿ ತೋಡಿ ನೋಡಿದಾಗ ಎರಡರ ಸೀಳೂ ಸಿಕ್ಕಿತು. ಆ ಅಧ್ಯಯನ 2013ರಲ್ಲಿ ಪ್ರಕಟ ಆಯಿತು. ಒಂದೇ ಜಾಗ ಏಳು ಶತಮಾನದ ಅಂತರದಲ್ಲಿ ಎರಡು ಸಲ ಹರಿದಿದೆ.

ಹಾಗಾದರೆ ಗೊತ್ತಿರುವ ಇತಿಹಾಸದಲ್ಲಿ ದೊಡ್ಡದಾಗಿ ಹರಿಯದ ಭಾಗಗಳ ಗತಿ ಏನು? ಉತ್ತರಾಖಂಡದ ತಪ್ಪಲಿನಂಥ ಕಡೆ ಶತಮಾನಗಳಿಂದ ಒತ್ತಡ ಸೇರುತ್ತಿದೆ. ಹಳೆಯ ನಕ್ಷೆಯಲ್ಲಿ ಹಿಮಾಲಯ ನಾಲ್ಕು ಮತ್ತು ಐದನೇ ವಲಯಗಳ ನಡುವೆ ಹಂಚಿಹೋಗಿತ್ತು. ಒಂದೇ ಸ್ತರಭಂಗ ಅದೇ ಒತ್ತಡದಲ್ಲಿ ಸಾಲಾಗಿ ಹಬ್ಬಿರುವಾಗ ಮಧ್ಯದ ತುಂಡಿಗೆ ಮಾತ್ರ ಕಡಿಮೆ ಅಂಕ ಕೊಡುವುದರಲ್ಲಿ ಅರ್ಥ ಇರಲಿಲ್ಲ. 2025ರ ನಕ್ಷೆ ಅದನ್ನೇ ಸರಿಪಡಿಸಲು ಹೊರಟಿತು.

ಇದಕ್ಕೆ ವಿರೋಧವೂ ಬಂತು. ವಲಯದ ಅಂಕ ಏರಿದರೆ ಕಂಬಿ, ಕಾಂಕ್ರೀಟ್ ಎರಡೂ ಜಾಸ್ತಿ ಬೇಕು, ಸೇತುವೆ, ಸುರಂಗ, ಆಸ್ಪತ್ರೆ ಎಲ್ಲದರ ಖರ್ಚು ಏರುತ್ತದೆ. ಈಗಾಗಲೇ ಅರ್ಧ ಮುಗಿದ ಕೆಲಸಗಳನ್ನು ಏನು ಮಾಡುವುದು, ಯಾವ ಹಂತದಿಂದ ಹೊಸ ನಿಯಮ ಹಿಡಿಯುವುದು ಎಂಬ ಪ್ರಶ್ನೆ ಸುಮ್ನೆ ತಳ್ಳಿ ಹಾಕುವಂಥದ್ದಲ್ಲ. ಆದರೆ ಅದು ಜಾರಿಯ ಪ್ರಶ್ನೆ. ಮಣ್ಣಿನಲ್ಲಿ ಸಿಕ್ಕ ಸೀಳುಗಳನ್ನು ಖರ್ಚಿನ ವಾದದಿಂದ ಅಳಿಸಲು ಆಗುವುದಿಲ್ಲ.

ಇತ್ತ ದುರ್ಗದ ಗೆರೆ

ಚಿತ್ರದುರ್ಗದ ಪಕ್ಕದಲ್ಲಿ ಬಿರುಕಿನ ವಲಯ ಇರುವುದು ನಿಜ. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಶಿಯರ್ ವಲಯ, ಅಂದರೆ ಬಂಡೆಗಳು ಒಂದಕ್ಕೊಂದು ಉಜ್ಜಿ ಸರಿದ ಪಟ್ಟಿ, ಅನ್ನುತ್ತಾರೆ. ಗದಗದ ಕಡೆಯಿಂದ ದುರ್ಗ ದಾಟಿ ದಕ್ಷಿಣಕ್ಕೆ ಮಂಡ್ಯದ ಕಡೆಗೆ ಹೋಗುವ, ನೂರಾರು ಕಿಲೋಮೀಟರ್ ಉದ್ದದ ವಲಯ ಅದು. ಇದರ ಪಶ್ಚಿಮದ ನೆಲ ಒಂದು, ಪೂರ್ವದ ನೆಲ ಇನ್ನೊಂದು. ಧಾರವಾಡ ಶಿಲಾಖಂಡ ಎಂಬ ನಮ್ಮ ಪ್ರಾಚೀನ ನೆಲದ ಈ ಎರಡು ತುಂಡುಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಬಂದು ಸೇರಿದ ಹೊಲಿಗೆ ಇದು ಎಂದು ಬಹಳ ಜನ ವಿಜ್ಞಾನಿಗಳ ಅಭಿಪ್ರಾಯ.

ಆ ಕಾಲದ ಗುರುತುಗಳು ಇಲ್ಲಿ ಕಣ್ಣಿಗೆ ಕಾಣುತ್ತವೆ. ಮರಡಿಹಳ್ಳಿಯ ಹತ್ತಿರ ದಿಂಬಿನ ಆಕಾರದ ಲಾವಾ ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ನೀರಿನೊಳಗೆ ಲಾವಾ ಉಕ್ಕಿ ತಣ್ಣಗಾದಾಗ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಇವತ್ತು ಮಳೆಗೆ ಕಾಯುವ ಈ ನೆಲದ ಮೇಲೆ ಆಗ ಸಮುದ್ರ ಇತ್ತು. ಇಂಗಳದಾಳಿನಲ್ಲಿ ತಾಮ್ರ ಸಿಕ್ಕಿದ್ದೂ ಈ ಹಳೆಯ ಲಾವಾ ಬಂಡೆಗಳ ಪಟ್ಟಿಯಲ್ಲೇ.

ಆದರೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಎಲ್ಲ ಭಯ ಹುಟ್ಟುವುದು ಇಲ್ಲಿಂದಲೇ. ಭೂವೈಜ್ಞಾನಿಕ ನಕ್ಷೆಯಲ್ಲಿ ಗೆರೆ ಇದ್ದರೆ ಆ ಜಾಗ ಒಂದು ಕಾಲದಲ್ಲಿ ಹರಿದಿತ್ತು ಎಂದರ್ಥ, ಈಗ ಹರಿಯುತ್ತಿದೆ ಎಂದಲ್ಲ. ಜೀವಂತ ಸ್ತರಭಂಗ ಅನ್ನಿಸಿಕೊಳ್ಳಬೇಕಾದರೆ ಹತ್ತಿರದ ಕಾಲದಲ್ಲಿ ಚಲಿಸಿದ ಪುರಾವೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಳೆದ 11,000-12,000 ವರ್ಷಗಳನ್ನು ನೋಡುತ್ತಾರೆ. ಜಪಾನಿನಲ್ಲಿ ಅಣು ಸ್ಥಾವರ ಕಟ್ಟುವಾಗ ಲಕ್ಷಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗುತ್ತಾರೆ. 250 ಕೋಟಿ ವರ್ಷ ಹಳೆಯದು ಎಂಬುದೊಂದೇ ಕಾರಣಕ್ಕೆ ದುರ್ಗದ ಗೆರೆಯನ್ನು ಟೈಂ ಬಾಂಬ್ ಅಂತ ಕರೆಯುವುದು ತಪ್ಪು.

ಬಿಐಎಸ್‌ನ 2016ರ ಮಾನಕದಲ್ಲಿ ಚಿತ್ರದುರ್ಗ, ದಾವಣಗೆರೆ ಸೀಮೆ ಎರಡನೇ ವಲಯದಲ್ಲಿದೆ, ಅತಿ ಕಡಿಮೆ ಅಪಾಯದ ವಲಯ ಅದು. ಕರಾವಳಿ, ಬೆಳಗಾವಿ, ಧಾರವಾಡ, ವಿಜಯಪುರ ಮೂರನೇ ವಲಯದಲ್ಲಿವೆ. 2025ರ ನಕ್ಷೆಯಲ್ಲೂ ದೊಡ್ಡ ಬದಲಾವಣೆ ಹಿಮಾಲಯದ್ದು, ದಕ್ಷಿಣ ಪ್ರಸ್ಥಭೂಮಿಯದ್ದಲ್ಲ. ಶೇಕಡಾ 61 ಎಂಬ ಅಂಕಿ ಕೇಳಿ ದಾವಣಗೆರೆಗೂ ಏನೋ ಬಂತು ಅಂದುಕೊಂಡವರು ಇದನ್ನು ಗಮನಿಸಬೇಕು. ಅದು ಮೊದಲು 59ರಷ್ಟಿತ್ತು. ಏರಿದ್ದು ಸ್ವಲ್ಪ.

ಹಾಗಂತ ನಿದ್ದೆ ಮಾಡಬಹುದಾ?

ಇಲ್ಲ. ಕಾರಣ ಕಿಲಾರಿ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಹೊತ್ತು. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. 6.2 ತೀವ್ರತೆಯ ಭೂಕಂಪಕ್ಕೆ ಹತ್ತಿರ ಹತ್ತಿರ 10,000 ಜನ ಸತ್ತರು. ಜಾಗತಿಕ ಲೆಕ್ಕದಲ್ಲಿ 6.2 ದೊಡ್ಡ ಭೂಕಂಪ ಅಲ್ಲ. ಆದರೆ ಅದು ಆದದ್ದು ನೆಲದಿಂದ ತೀರಾ ಕಡಿಮೆ ಆಳದಲ್ಲಿ, ಮತ್ತು ಯಾರೂ ಜೀವಂತ ಸ್ತರಭಂಗ ಇದೆ ಅಂತ ಗುರುತಿಸದ ಜಾಗದಲ್ಲಿ. ಮೇಲೆ ಕಪ್ಪು ಬಸಾಲ್ಟ್ ಬಂಡೆಯ ಹೊದಿಕೆ. ಆಮೇಲೆ ಕೊರೆದು ನೋಡಿದಾಗ ಆ ಹೊದಿಕೆ 338 ಮೀಟರ್ ದಪ್ಪ ಇತ್ತು, ಅದರ ಕೆಳಗೆ ನಮ್ಮ ಕಡೆಯಂಥದೇ ಪ್ರಾಚೀನ ಶಿಲೆ. ಭೂಕಂಪದ ನಂತರ ಸೀಳಿದ ಜಾಗದಲ್ಲಿ ಗುಂಡಿ ತೋಡಿ ಅಧ್ಯಯನ ಮಾಡಿದವರು ಅದು ಹೊಸ ಬಿರುಕಲ್ಲ, ಹಳೆಯ ಬಿರುಕೇ ಮತ್ತೆ ಎಚ್ಚರವಾದದ್ದು ಎಂಬ ತೀರ್ಮಾನಕ್ಕೆ ಬಂದರು.

ದುರ್ಗದ ಪ್ರಶ್ನೆಗೆ ಇದೇ ಮುಖ್ಯ. ಹಳೆಯ ಬಿರುಕು ಎಂದರೆ ಬಂಡೆಯ ದುರ್ಬಲ ಜಾಗ. ಹಿಮಾಲಯದಲ್ಲಿ ತಾಗುತ್ತಿರುವ ಅದೇ ಒತ್ತಡ ಭಾರತದ ಇಡೀ ಫಲಕದೊಳಗೂ ಇದೆ, ಪ್ರಮಾಣ ಕಡಿಮೆ ಅಷ್ಟೇ. ಆ ಒತ್ತಡದ ದಿಕ್ಕಿಗೆ ಹೊಂದಿಕೊಂಡಿರುವ ಹಳೆಯ ಬಿರುಕುಗಳಲ್ಲಿ ಕೆಲವು ಮತ್ತೆ ಜಾರಬಹುದು. ಎಲ್ಲವೂ ಜಾರುವುದಿಲ್ಲ. ಯಾವುದು ಜಾರಬಹುದು, ಯಾವುದು ಇಲ್ಲ ಎಂದು ಹೇಳಲು ಪ್ರತಿಯೊಂದನ್ನೂ ಪ್ರತ್ಯೇಕ ನೋಡಬೇಕು.

ದಕ್ಷಿಣದ ನೆಲ ಅಲುಗಾಡಿಯೇ ಇಲ್ಲ ಎಂಬುದೂ ಸರಿಯಲ್ಲ. 1843ರಲ್ಲಿ ಬಳ್ಳಾರಿ ಸೀಮೆಯಲ್ಲಿ ಆದ ಭೂಕಂಪ ಹಳೆಯ ಪಟ್ಟಿಗಳಲ್ಲಿದೆ. ಬಳ್ಳಾರಿ ನಮಗೆ ದೂರದ ಊರಲ್ಲ. 1900ರಲ್ಲಿ ಕೊಯಮತ್ತೂರು ಕಡೆ 6ರ ಆಸುಪಾಸಿನದು ಆಗಿತ್ತು. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಊರೇ ಬಿಟ್ಟು ಹೋಗಿದ್ದರು. 2022ರಲ್ಲಿ ಕೊಡಗು, ಸುಳ್ಯ ಕಡೆ ಕಂಪನ ಆಯಿತು. ಸಣ್ಣವು ಆಗುತ್ತಿದ್ದರೆ ಒತ್ತಡ ಖಾಲಿ ಆಗುತ್ತದೆ, ಒಳ್ಳೆಯದೇ ಅಂತ ಇಂಥ ಸಮಯದಲ್ಲಿ ಸಮಾಧಾನ ಹೇಳುವವರಿದ್ದಾರೆ. ಅದು ನಿಜ ಅಲ್ಲ. ತೀವ್ರತೆ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6ರ ಒಂದು ಭೂಕಂಪದ ಶಕ್ತಿ ಖಾಲಿ ಆಗಬೇಕಾದರೆ 4ರದ್ದು ಸಾವಿರ ಆಗಬೇಕು.

ಎರಡು ಪಕ್ಷ

ವಿಜ್ಞಾನಿಗಳಲ್ಲೂ ಇಲ್ಲಿ ಎರಡು ರೀತಿಯ ಯೋಚನೆ ಇದೆ. ಒಂದು ಪಕ್ಷದ ಪ್ರಕಾರ ಸ್ಥಿರ ಭೂಖಂಡದ ಒಳಗೆ ಭೂಕಂಪ ಎಲ್ಲಿ ಆಗುತ್ತದೆ ಅಂತ ಸ್ತರಭಂಗ ನೋಡಿ ಹೇಳುವುದು ಕಷ್ಟ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್‌ನಲ್ಲಿ 1988ರಲ್ಲಿ ಒಂದೇ ದಿನ 6ಕ್ಕಿಂತ ಹೆಚ್ಚಿನ ಮೂರು ಭೂಕಂಪ ಆದವು. ಅಲ್ಲಿ ಗುಂಡಿ ತೋಡಿ ನೋಡಿದರೆ ಹತ್ತಾರು ಸಾವಿರ ವರ್ಷದಲ್ಲಿ ಅದಕ್ಕೂ ಮುಂಚಿನ ಚಲನೆಯ ಗುರುತೇ ಸಿಗಲಿಲ್ಲ. ಗುರುತು ಇಲ್ಲದ ಕಡೆಯೂ ಆಗಬಹುದಾದರೆ ಒಂದೊಂದೇ ಬಿರುಕನ್ನು ಹಿಡಿದು ಕೂತು ಪ್ರಯೋಜನ ಇಲ್ಲ, ಇಡೀ ಸೀಮೆಗೆ ಸಮನಾಗಿ ಒಂದು ಕನಿಷ್ಠ ಅಪಾಯ ಹಾಕಿ ಅದಕ್ಕೆ ತಕ್ಕ ಹಾಗೆ ಮನೆ ಕಟ್ಟಿ ಅನ್ನುತ್ತಾರೆ ಇವರು.

ಇನ್ನೊಂದು ಪಕ್ಷ, ಗುಜರಾತಿನ ಕಚ್ಛ್‌ನಂಥ ಕಡೆ ಹಳೆಯ ಬಿರುಕುಗಳೇ ಪದೇ ಪದೇ ಕೆಲಸ ಮಾಡಿರುವುದನ್ನು ತೋರಿಸುತ್ತದೆ. ಅಲ್ಲಿ 1819ರಲ್ಲಿ ಅಲ್ಲಾ ಬಂದ್ ಎಂಬ ಉದ್ದನೆಯ ದಿಬ್ಬವೇ ಎದ್ದಿತು, 2001ರಲ್ಲಿ ಭುಜ್ ಭೂಕಂಪ ಆಯಿತು. ಹಾಗಾಗಿ ಪ್ರತಿ ಹಳೆಯ ಬಿರುಕನ್ನೂ ಪರೀಕ್ಷೆ ಮಾಡಿ ಅನ್ನುತ್ತಾರೆ.

ನನಗೆ ಕಾಣುವಂತೆ ಈ ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮೊದಲನೆಯವರ ಮಾತು ಮನೆ ಕಟ್ಟುವವರಿಗೆ ಸಾಕು. ಆದರೆ ಅಣೆಕಟ್ಟು, ಚಳ್ಳಕೆರೆ ಕಡೆ ಬೆಳೆಯುತ್ತಿರುವ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳು, ದೊಡ್ಡ ನೀರಾವರಿ ಕಾಲುವೆಗಳು, ಇಂಥವಕ್ಕೆ ಸೀಮೆಯ ಸರಾಸರಿ ಸಾಲದು. ಅವು ನಿಂತಿರುವ ಜಾಗದ ಬಿರುಕಿನ ಕಥೆಯೇ ಬೇಕು.

ನಮ್ಮಲ್ಲಿ ಎಲ್ಲಿ ತೋಡುವುದು?

ಗುಂಡಿ ತೋಡಿ ಓದಬೇಕಾದರೆ ಪದರ ಪದರವಾಗಿ ಕೂತ ಮಣ್ಣು ಬೇಕು. ದುರ್ಗದ ಸುತ್ತ ಬಂಡೆಯೇ ಮೇಲೆ ಇದೆ, ಮಣ್ಣು ತೆಳು. ಇದ್ದ ಮಣ್ಣನ್ನೂ ಶತಮಾನಗಳಿಂದ ಉತ್ತು ಮಗುಚಿದ್ದೇವೆ. ಇಲ್ಲಿ ಒಂದು ದೊಡ್ಡ ಭೂಕಂಪಕ್ಕೂ ಇನ್ನೊಂದಕ್ಕೂ ನಡುವೆ ಹತ್ತಾರು ಸಾವಿರ ವರ್ಷ ಇರಬಹುದಾದರೆ ಅಷ್ಟರಲ್ಲಿ ಮಳೆ ಗಾಳಿ ಸೇರಿ ಗುರುತನ್ನು ಅಳಿಸಿಬಿಡುತ್ತವೆ.

ದಾರಿಗಳು ಇಲ್ಲದೆ ಇಲ್ಲ. ವೇದಾವತಿ ನದಿಯ ಹಳೆಯ ದಡಗಳಲ್ಲಿ, ಮೆಕ್ಕಲು ಮಣ್ಣು ಕೂತ ಕಡೆ, ಬಿರುಕಿನ ವಲಯ ಹಾದುಹೋಗುವ ಜಾಗ ಹುಡುಕಬಹುದು. ನದಿ ಕಾರಣ ಇಲ್ಲದೆ ತಿರುಗಿರುವ ಕಡೆ, ದಡ ಒಂದೇ ಬದಿಗೆ ಎತ್ತರ ಆಗಿರುವ ಕಡೆ ಮೊದಲು ನೋಡಬೇಕು. ಜೋರಾಗಿ ನಡುಗಿದಾಗ ನೀರು ತುಂಬಿದ ಮರಳು ದ್ರವದ ಹಾಗೆ ಆಗಿ ಮೇಲಿನ ಪದರವನ್ನು ಸೀಳಿ ಉಕ್ಕುತ್ತದೆ. ಆ ಮರಳಿನ ಕೊಳವೆಗಳು ಹೊಳೆ ದಂಡೆಯಲ್ಲಿ ಸಾವಿರಾರು ವರ್ಷ ಉಳಿಯಬಲ್ಲವು.

ಇನ್ನೊಂದು ಸಾಕ್ಷಿ ದುರ್ಗದ ಜನ ದಿನಾ ನೋಡುವಂಥದ್ದು: ಗುಡ್ಡದ ಮೇಲೆ ಸಣ್ಣ ಬುಡದ ಮೇಲೆ ನಿಂತಿರುವ ದೊಡ್ಡ ಬಂಡೆಗಳು. ಅಮೆರಿಕದ ಜೇಮ್ಸ್ ಬ್ರೂನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಇಂಥ ಬಂಡೆಗಳನ್ನೇ ಭೂಕಂಪ ಅಳೆಯಲು ಬಳಸಿದರು. ತರ್ಕ ಸರಳ. ಒಂದು ಬಂಡೆ ಬೀಳಲು ಎಷ್ಟು ಜೋರಿನ ಕಂಪನ ಬೇಕು ಎಂದು ಅದರ ಆಕಾರ, ತೂಕ, ಬುಡದ ಅಗಲ ನೋಡಿ ಲೆಕ್ಕ ಹಾಕಬಹುದು. ಅದು ಎಷ್ಟು ಸಾವಿರ ವರ್ಷದಿಂದ ಹಾಗೆ ನಿಂತಿದೆ ಎಂದು ಬಂಡೆಯ ಮೈಯಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಬೆರಿಲಿಯಂ-10 ಅಳೆದು ಹೇಳಬಹುದು. ಬಂಡೆ ಇನ್ನೂ ಬಿದ್ದಿಲ್ಲ ಅಂದರೆ ಅಷ್ಟು ಕಾಲದಲ್ಲಿ ಅಲ್ಲಿ ಅಷ್ಟು ಜೋರಿನ ಕಂಪನ ಆಗಿಲ್ಲ. ಕೋಟೆಯೊಳಗಿನ ಉಯ್ಯಾಲೆ ಕಂಬ, ದೀಪಸ್ತಂಭಗಳೂ ಇದೇ ರೀತಿ ಕೆಲವು ಶತಮಾನದ ಸಾಕ್ಷಿ ಹೇಳಬಲ್ಲವು, ರಿಪೇರಿ ಆದದ್ದು ಯಾವುದು, ಮೂಲದ್ದು ಯಾವುದು ಎಂದು ಮೊದಲು ಬೇರ್ಪಡಿಸಿದರೆ. ದುರ್ಗದಂಥ ಬಂಡೆಗಳ ಊರಿನಲ್ಲಿ ಈ ಕೆಲಸ ವ್ಯವಸ್ಥಿತವಾಗಿ ಆಗಬೇಕು. ಚಳ್ಳಕೆರೆಯ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇದೆ, ದೂರದಿಂದ ಬರಬೇಕಾದ್ದೇನೂ ಇಲ್ಲ.

ಮಾರಿಕಣಿವೆ ತುಂಬಿದರೆ ಭಯವಾ?

ಮಾರಿಕಣಿವೆಯ ಅಣೆಕಟ್ಟು, ಅಂದರೆ ವಾಣಿ ವಿಲಾಸ ಸಾಗರ, 1933ರ ನಂತರ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಹಾರಾಷ್ಟ್ರದ ಕೊಯ್ನಾದ ನೆನಪಿರುವವರಿಗೆ ಇಲ್ಲೂ ಒಂದು ಅನುಮಾನ ಬರುವುದು ಸಹಜ. ಕೊಯ್ನಾ ಅಣೆಕಟ್ಟಿನಲ್ಲಿ 1962ರಲ್ಲಿ ನೀರು ನಿಂತ ಮೇಲೆ ಕಂಪನ ಶುರುವಾಗಿ 1967ರ ಡಿಸೆಂಬರ್‌ನಲ್ಲಿ 6.3ರ ಭೂಕಂಪ ಆಯಿತು, ಸುಮಾರು 180 ಜನ ಸತ್ತರು.

ನೀರು ಭೂಕಂಪದ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬಿರುಕಿನೊಳಗೆ ಇಳಿದು ಘರ್ಷಣೆ ಕಡಿಮೆ ಮಾಡುತ್ತದೆ ಅಷ್ಟೇ. ಒತ್ತಡ ಮೊದಲೇ ಅಂಚಿಗೆ ಬಂದಿದ್ದರೆ ಮಾತ್ರ ಜಾರುತ್ತದೆ. ಕೊಯ್ನಾ 100 ಮೀಟರಿಗೂ ಎತ್ತರದ ಅಣೆಕಟ್ಟು, ಇಂಥ ಕಂಪನ ಆಗಿರುವುದು ಜಾಸ್ತಿ ಅಷ್ಟು ಆಳದ ಜಲಾಶಯಗಳಲ್ಲೇ. ಮಾರಿಕಣಿವೆಯಲ್ಲಿ ನೀರು ನಿಲ್ಲುವುದು 130 ಅಡಿ, ಅಂದರೆ 40 ಮೀಟರ್. ಅಣೆಕಟ್ಟು ಮುಗಿದದ್ದು 1907ರಲ್ಲಿ. ಶತಮಾನಕ್ಕೂ ಹೆಚ್ಚು ಕಾಲದಿಂದ ನಿಂತಿರುವ ಈ ಕಟ್ಟೆ ತುಂಬಿದರೆ ಹೆದರುವ ಬದಲು ಸಂತೋಷ ಪಡಬಹುದು. ಆದರೂ ಭದ್ರಾ ಮೇಲ್ದಂಡೆಯ ನೀರು ಬಂದು ಮಟ್ಟ ವರ್ಷ ವರ್ಷ ಮೇಲೇ ಇರುವುದಾದರೆ ಹತ್ತಿರ ಕಂಪನ ಮಾಪಕ ಇಟ್ಟು ನೋಡುತ್ತಿರುವುದು ಖರ್ಚಿನ ಕೆಲಸ ಏನಲ್ಲ.

ಪರಿಣಾಮ ಮುಟ್ಟುವುದು ಮನೆಗೆ

ಬಿರುಕು ಜೀವಂತವೋ ಅಲ್ಲವೋ ಎಂಬ ತೀರ್ಮಾನ ಬರಲು ವರ್ಷಗಳು ಬೇಕು. ಅಷ್ಟರಲ್ಲಿ ಮನೆಗಳು ಏಳುತ್ತಲೇ ಇರುತ್ತವೆ. ಕಿಲಾರಿಯಲ್ಲಿ ಕೊಂದದ್ದು ಮನೆ: ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಕೆಸರು, ಮೇಲೆ ಮರದ ತೊಲೆ, ಅದರ ಮೇಲೆ ಹೊರೆ ಹೊರೆ ಮಣ್ಣು. ಈ ವರ್ಣನೆ ಕೇಳಿದರೆ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯವರಿಗೆ ತಮ್ಮ ಮಾಳಿಗೆ ಮನೆ ನೆನಪಾಗದೆ ಇರುವುದಿಲ್ಲ. ಸೋರದಿರಲಿ ಅಂತ ವರ್ಷ ವರ್ಷ ಕರಲು ಮಣ್ಣು ಹಾಕುತ್ತಾ ಮಾಳಿಗೆಯ ತೂಕ ಏರುತ್ತಲೇ ಹೋಗುತ್ತದೆ. ಬಿಸಿಲಿಗೆ ತಂಪಾದ, ಬುದ್ಧಿವಂತಿಕೆಯ ಮನೆ ಅದು, ಕೆಡವಿ ಅಂತ ಯಾರೂ ಹೇಳಬೇಕಾಗಿಲ್ಲ. ಆದರೆ ಹೊಸ ಪದರ ಹಾಕುವ ಮುಂಚೆ ಹಳೆಯ ಮಣ್ಣು ತೆಗೆಯಿರಿ. ಗೋಡೆ ಕಟ್ಟುವಾಗ ಅಲ್ಲಲ್ಲಿ ಒಳಮುಖ ಹೊರಮುಖ ಎರಡನ್ನೂ ಹಿಡಿಯುವ ಉದ್ದ ಕಲ್ಲು ಕೂರಿಸಿ. ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವ ಒಂದು ಪಟ್ಟಿ ಹಾಕಿದರೆ ಗೋಡೆಗಳು ಬೇರೆ ಬೇರೆಯಾಗಿ ಹೊರಕ್ಕೆ ಬೀಳುವುದಿಲ್ಲ.

ದಾವಣಗೆರೆಯಂಥ ಪಟ್ಟಣದ ಚಿಂತೆ ಬೇರೆ. 2001ರ ಭುಜ್ ಭೂಕಂಪದಲ್ಲಿ ಸುಮಾರು 250 ಕಿಲೋಮೀಟರ್ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಬಹಳಷ್ಟರಲ್ಲಿ ಕೆಳಮಹಡಿ ಪಾರ್ಕಿಂಗ್‌ಗೆ ಬಿಟ್ಟಿದ್ದು, ಬರೀ ಕಂಬಗಳ ಮೇಲೆ ನಿಂತಿದ್ದವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿರುತ್ತವೆ, ಕೆಳಗೆ ಬಿಗಿ ಇಲ್ಲ, ಹಾಗಾಗಿ ಎಲ್ಲ ಬಾಗುವಿಕೆಯೂ ಆ ಕಂಬಗಳ ಮೇಲೇ ಬೀಳುತ್ತದೆ. ಇವತ್ತು ನಮ್ಮ ಬಡಾವಣೆಗಳಲ್ಲೂ ಇಂಥ ಕಟ್ಟಡ ಬೇಕಾದಷ್ಟು ಇವೆ, ಅಲ್ವಾ? 2016ರ ಮಾನಕದ ಪ್ರಕಾರ ಎರಡನೇ ವಲಯ ಆದ್ದರಿಂದ ಕಂಬಿ ಕಟ್ಟುವ ಕಟ್ಟುನಿಟ್ಟಿನ ಭೂಕಂಪ ನಿಯಮಗಳು ಇಲ್ಲಿ ಕಡ್ಡಾಯ ಅಲ್ಲ. ಕಡ್ಡಾಯ ಅಲ್ಲ ಎಂದರೆ ಬೇಡ ಎಂದಲ್ಲ. ಕಿಲಾರಿಗೂ ಆಗ ಕಡ್ಡಾಯ ಇರಲಿಲ್ಲ.

ಮನೆ ಕಟ್ಟಿಸುವವರು ಎಂಜಿನಿಯರ್‌ಗೆ ಎರಡೇ ಪ್ರಶ್ನೆ ಕೇಳಿದರೂ ಸಾಕು. ಕೆಳಮಹಡಿಯ ಕಂಬಗಳ ನಡುವೆ ಕೆಲವು ಕಡೆಯಾದರೂ ಕಾಂಕ್ರೀಟ್ ಗೋಡೆ ಬರುತ್ತದಾ? ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯ ಕೊಕ್ಕೆ 90 ಡಿಗ್ರಿಗೆ ನಿಲ್ಲುತ್ತದಾ, 135 ಡಿಗ್ರಿಗೆ ಒಳಗೆ ಬಾಗುತ್ತದಾ? 90ರ ಕೊಕ್ಕೆ ಜೋರು ಅಲುಗಾಟದಲ್ಲಿ ಬಿಚ್ಚಿಕೊಳ್ಳುತ್ತದೆ, 135ರದ್ದು ಕಂಬದ ಒಡಲಿನಲ್ಲಿ ಸಿಕ್ಕಿ ಹಿಡಿದಿರುತ್ತದೆ. ಕಂಬಿ ಬಗ್ಗಿಸುವವರಿಗೆ ರಿಂಗಿಗೆ ಸ್ವಲ್ಪ ಹೊತ್ತು ಜಾಸ್ತಿ, ನಿಮಗೆ ಸ್ವಲ್ಪ ಕಂಬಿ ಜಾಸ್ತಿ. ಕಾಂಕ್ರೀಟ್ ಸುರಿಯುವ ಮುಂಚೆಯೇ ಹೋಗಿ ನೋಡಿ, ಸುರಿದ ಮೇಲೆ ಆ ಕೊಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ.